ಚಾಪೆಲ್ ತಿರುವಿನಲ್ಲಿ ಎತ್ತಿದ ಕೈ

ಆ ಸೋಮವಾರ ಬೆಳಿಗ್ಗೆ ಬೆರಿಲ್ ಹಾಲ್‌ಸ್ಟೆಡ್ ಅಲಾರಂ ಹೊಡೆದುಕೊಳ್ಳುವವರೆಗೂ ನಿದ್ದೆ ಮಾಡಿದಳು. ಎರಡು ವರ್ಷದಿಂದ ಅವಳು ಅಲಾರಮ್ಮಿಗೆ ಆ ಅವಕಾಶ ಕೊಟ್ಟಿರಲಿಲ್ಲ. ಸೋಲೊಪ್ಪಿಕೊಂಡರೆ ಇಂಥ ನಿದ್ದೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ಹೋದ ವರ್ಷವೇ ಸೋತುಬಿಡುತ್ತಿದ್ದೆನಲ್ಲ ಎಂದುಕೊಂಡು ಎದ್ದಳು. ಗಂಡ ಕ್ಲಿಫ್ ಆಗಲೇ ಅಂಗಳದಲ್ಲಿ ಬಸ್ಸಿನ ಎಂಜಿನ್ ಬಿಸಿ ಮಾಡುತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದಿಟ್ಟ ರಟ್ಟು ಇತ್ತು: ಇನ್ನು ಆರು ವಾರದ ನಂತರ ಹಾಲ್‌ಸ್ಟೆಡ್ ಬಸ್ಸುಗಳು ಹೈ ಫೋಲ್ಡ್ ಬೆಟ್ಟಕ್ಕೆ ಓಡುವುದಿಲ್ಲ. ಇಷ್ಟು ದಿನ ಹತ್ತಿದ್ದಕ್ಕೆ ವಂದನೆ.

ಬಸ್ಸು ಹೊಸದಾಗಿ ಶುರು ಮಾಡುವುದಿರಲಿ, ನಿಲ್ಲಿಸುವುದಿರಲಿ, ಮ್ಯಾಂಚೆಸ್ಟರಿನ ಸಾರಿಗೆ ಕಮಿಷನರ್ ಕಚೇರಿಗೆ ಆರು ವಾರ ಮುಂಚೆ ತಿಳಿಸಬೇಕು. ಅದನ್ನು ಕಳಿಸಿ ಆಗಿತ್ತು. ಜನಕ್ಕೆ ತಿಳಿಸುವುದೊಂದು ಬಾಕಿ.

ಆಶ್‌ಕ್ಲಫ್ ಊರಿನಲ್ಲಿ ಎಂಬತ್ತಾರನೇ ಇಸವಿಯವರೆಗೆ ಬಸ್ಸು ಅಂದರೆ ಮುನಿಸಿಪಾಲಿಟಿಯ ಕೆನೆ ಬಣ್ಣದ ಬಸ್ಸು. ಆಮೇಲೆ ಲಂಡನ್ನಿನ ದೊಡ್ಡವರಿಗೆ ಜ್ಞಾನೋದಯವಾಯಿತು. ಬಸ್ಸಿದ್ದವರು, ಲೈಸೆನ್ಸ್ ಇದ್ದವರು ಯಾವ ರಸ್ತೆಯಲ್ಲಿ ಬೇಕಾದರೂ ಓಡಿಸಬಹುದು. ಪೈಪೋಟಿ ಬಂದರೆ ಚಾರ್ಜು ಇಳಿಯುತ್ತದೆ, ಬಸ್ಸು ಹೆಚ್ಚುತ್ತವೆ, ಎಲ್ಲರೂ ಸುಖವಾಗಿರುತ್ತಾರೆ ಅಂದರು. ಮುನಿಸಿಪಾಲಿಟಿಯಲ್ಲಿ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಭುಜ ಸವೆದಿದ್ದ ಕ್ಲಿಫ್ ಅದನ್ನು ನಂಬಿದ. ಕೆಲಸ ಬಿಟ್ಟಾಗ ಸಿಕ್ಕ ಇಡುಗಂಟಿನಲ್ಲಿ ಎರಡು ಹಳೇ ಬಸ್ಸು ಕೊಂಡು, ಹಸಿರು ಬಣ್ಣ ಹೊಡೆದು, ಮಾರ್ಕೆಟ್ಟಿನಿಂದ ಹೈ ಫೋಲ್ಡ್ ಬೆಟ್ಟಕ್ಕೆ ಬಿಟ್ಟ. ಒಂದು ಅವನು ಓಡಿಸಿದ, ಇನ್ನೊಂದು ಬೆರಿಲ್. ಮೊದಲ ವರ್ಷ ಚೆನ್ನಾಗಿಯೇ ನಡೆಯಿತು, ಅದೇ ತಪ್ಪಾಯಿತು. ಚೆನ್ನಾಗಿ ನಡೆಯುವುದು ನೀಲಿ ಕಂಪನಿಯ ಕಣ್ಣಿಗೆ ಬಿತ್ತು.

ನೀಲಿ ಕಂಪನಿ ಅಂದರೆ ಮುನಿಸಿಪಾಲಿಟಿಯ ಡಿಪೋ, ಬಸ್ಸು, ಕೊನೆಗೆ ಕ್ಯಾಂಟೀನಿನ ಟೀ ಪಾತ್ರೆ ಸಮೇತ ಎಲ್ಲವನ್ನೂ ಕೊಂಡುಕೊಂಡವರು. ಹಾಲ್‌ಸ್ಟೆಡ್ ಬಸ್ಸು ಹೊರಡುವ ಎರಡು ನಿಮಿಷ ಮುಂಚೆ ಒಂದು ನೀಲಿ ಬಸ್ಸು ಹೊರಡತೊಡಗಿತು. ಕ್ಲಿಫ್ ವೇಳೆ ಬದಲಾಯಿಸಿದ, ಅವರೂ ಬದಲಾಯಿಸಿದರು. ಅವರು ಚಾರ್ಜು ಅರ್ಧ ಮಾಡಿದರು. ಇವರೂ ಹಲ್ಲು ಕಚ್ಚಿಕೊಂಡು ಅರ್ಧ ಮಾಡಿದರು. ಒಂದು ತಿಂಗಳಂತೂ ನೀಲಿಯವರು ಪುಕ್ಕಟೆ ಹತ್ತಿಸಿಕೊಂಡರು. ಪೈಪೋಟಿಯ ಚಂದ ನೋಡಬೇಕಾದರೆ ಬೆಟ್ಟದ ಮೇಲೆ ನಿಲ್ಲಬೇಕಿತ್ತು: ಎರಡು ಬಸ್ಸು ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಿದ್ದವು, ಆಮೇಲೆ ಅರ್ಧ ಗಂಟೆ ಬರೀ ಗಾಳಿ.

ಬೆಟ್ಟದ ಜನ ಇದಕ್ಕೂ ಒಂದು ದಾರಿ ಹುಡುಕಿಕೊಂಡಿದ್ದರು. ಇಳಿಯುವಾಗ ಕೈ ಖಾಲಿ, ಹಾಗಾಗಿ ಅಗ್ಗದ ನೀಲಿ ಬಸ್ಸು. ಹತ್ತುವಾಗ ಕೈತುಂಬ ಆಲೂಗಡ್ಡೆ, ಹಿಟ್ಟು, ಮೀನು. ಆಗ ಹಸಿರು ಬಸ್ಸು, ಏಕೆಂದರೆ ಬೆರಿಲ್ ಅವರವರ ಗೇಟಿನ ಎದುರಿಗೇ ನಿಲ್ಲಿಸುತ್ತಿದ್ದಳು. ಇದರಲ್ಲಿ ಎಲ್ಲರಿಗಿಂತ ಪಳಗಿದವಳು ಎಂಬತ್ತು ದಾಟಿದ ಮಿಸೆಸ್ ಐಡಾ ಕ್ರಾಬ್‌ಟ್ರೀ. ನೀಲಿ ಬಸ್ಸಿನಲ್ಲಿ ಕೂತಿದ್ದಾಗ ಹಸಿರು ಬಸ್ಸು ಪಕ್ಕದಲ್ಲಿ ಬಂದರೆ ಸೀಟಿನಲ್ಲಿ ಕುಸಿದು, ವ್ಯಾನಿಟಿ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಆ ಬ್ಯಾಗು ಊರಿಗೆಲ್ಲ ಗೊತ್ತಿದ್ದದ್ದು ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಬೆರಿಲ್‌ಗೆ ನಷ್ಟಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಒಂದು ಕೈ. ಎದುರಿಗೆ ಬಸ್ಸು ಬಂದರೆ ಡ್ರೈವರು ಸ್ಟೀರಿಂಗ್ ಮೇಲಿಂದ ಕೈ ಎತ್ತಬೇಕು. ಅದು ಬಸ್ಸು ಹುಟ್ಟಿದಾಗಿನಿಂದ ಬಂದ ಮರ್ಯಾದೆ. ಪರಿಚಯ ಬೇಡ, ಸ್ನೇಹ ಬೇಡ, ಕೈ ಎತ್ತಿದರಾಯಿತು. ಪೈಪೋಟಿ ಶುರುವಾದ ವಾರವೇ ನೀಲಿ ಕಂಪನಿ ತನ್ನ ಕ್ಯಾಂಟೀನಿನ ಗೋಡೆಗೆ ಆಜ್ಞೆ ಅಂಟಿಸಿತ್ತು: ಹಾಲ್‌ಸ್ಟೆಡ್ ಬಸ್ಸಿಗೆ ಯಾರೂ ಕೈ ಎತ್ತಕೂಡದು, ಎತ್ತಿದವರ ಮೇಲೆ ಕ್ರಮ. ಮುಂದೆ ಓಡುತ್ತಿದ್ದ ಆ ನೀಲಿ ಬಸ್ಸಿನ ಡ್ರೈವರು ಟ್ರೆವರ್ ನಟಾಲ್. ಮುನಿಸಿಪಾಲಿಟಿಯಲ್ಲಿ ಕ್ಲಿಫ್‌ನ ಜೊತೆಗಾರ. ಭಾನುವಾರ ಇವರ ಮನೆಯಲ್ಲಿ ಊಟ ಮಾಡಿ, ಇವರ ಸೋಫಾದ ಮೇಲೇ ಗೊರಕೆ ಹೊಡೆಯುತ್ತಿದ್ದವನು. ದಿನಕ್ಕೆ ಹಲವು ಬಾರಿ, ಬೆಟ್ಟದ ತುದಿಯ ಹತ್ತಿರ, ಹಳೇ ಚಾಪೆಲ್ ಎಂಬ ಪುಟ್ಟ ಚರ್ಚಿನ ಇಕ್ಕಟ್ಟಾದ ತಿರುವಿನಲ್ಲಿ, ಅವನು ಇಳಿಯುತ್ತ ಇವಳು ಹತ್ತುತ್ತ ಎದುರಾಗುತ್ತಿದ್ದರು. ಅವನು ಕೈಯನ್ನು ಸ್ಟೀರಿಂಗಿಗೆ ಅಂಟಿಸಿಕೊಂಡು, ಗಾಜಿನಾಚೆ ಯಾವುದೋ ಕುರಿಯನ್ನು ನೋಡುವವನಂತೆ ಹೋಗಿಬಿಡುತ್ತಿದ್ದ.

ಇನ್ನು ಆರು ವಾರ, ಆಮೇಲೆ ಆ ಮುಖ ನೋಡುವ ಕರ್ಮವಿಲ್ಲ ಎಂದುಕೊಳ್ಳುತ್ತ ಬೆರಿಲ್ ಮಾರ್ಕೆಟ್ಟಿನ ಬಸ್ ಶೆಲ್ಟರಿಗೆ ಬಂದಳು. ಕ್ಯೂ ಆಗಲೇ ನಿಂತಿತ್ತು, ಎಲ್ಲರಿಗಿಂತ ಮುಂದೆ ಮಿಸೆಸ್ ಕ್ರಾಬ್‌ಟ್ರೀ ತನ್ನ ಗಾಲಿಚೀಲದ ಜೊತೆ. ಬೆರಿಲ್ ರಟ್ಟನ್ನು ಗಾಜಿಗೆ ಒತ್ತಿಹಿಡಿದು ಟೇಪು ಹಚ್ಚುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತು ಇನ್ನೊಂದು ಕಾಗದವನ್ನು ಅದೇ ಗಾಜಿಗೆ ಒತ್ತಿದರು. ನೀಲಿ ಕೋಟಿನ ತೋಳು. ಟ್ರೆವರ್. ಟೇಪನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ, ಅದು ಹರಿಯದೆ ಅವನ ಮೀಸೆಗೆ ಅಂಟಿಕೊಂಡಿತ್ತು.

ಬೆರಿಲ್ ಕತ್ತರಿ ಚಾಚಿದಳು. ಅವನು ತೆಗೆದುಕೊಂಡ. ಆಮೇಲೆ ಇಬ್ಬರೂ ಒಬ್ಬರ ಕಾಗದ ಒಬ್ಬರು ಓದಿದರು. ಟ್ರೆವರ್‌ನದು ಅಚ್ಚು ಹಾಕಿದ್ದು, ಒಕ್ಕಣೆ ಗತ್ತಿನದು, ಸಾರಾಂಶ ಮಾತ್ರ ಒಂದೇ: ಆರು ವಾರದ ನಂತರ ಹೈ ಫೋಲ್ಡ್ ಬೆಟ್ಟಕ್ಕೆ ನೀಲಿ ಬಸ್ಸುಗಳು ಓಡುವುದಿಲ್ಲ.

"ಏನೋ ಇದು?" ಅಂದಳು ಬೆರಿಲ್. ಎರಡು ವರ್ಷದಲ್ಲಿ ಅವನ ಜೊತೆ ಆಡಿದ ಮೊದಲ ಮಾತು.

"ನಾನೂ ಅದನ್ನೇ ಕೇಳ್ತಿದೀನಿ. ನೀವ್ಯಾಕೆ ನಿಲ್ಲಿಸ್ತಿದೀರಾ? ದುಡ್ಡು ಕೊಳೀತಾ ಬಿದ್ದಿದೆಯಲ್ಲ ನಿಮ್ಮ ಹತ್ರ!"

"ನಮ್ಮ ಹತ್ರ? ಯಾವನೋ ಹೇಳ್ದೋನು?"

"ಯಾಕೆ, ವಸಂತದಲ್ಲಿ ಬಸ್ಸಿಗೆ ಹೊಸ ಬಣ್ಣ ಹೊಡೆಸಿದ್ರಲ್ಲ. ಮಿರಮಿರ ಅಂತಿತ್ತು. ಅದನ್ನ ನೋಡಿ ನಮ್ಮ ಮ್ಯಾನೇಜರ್ ಮುಖ ಹುಳ್ಳಗಾಯ್ತು. 'ಹಾಲ್‌ಸ್ಟೆಡ್‌ನೋರಿಗೆ ಬ್ಯಾಂಕಿನವರು ಸಾಲ ಕೊಟ್ಟಿದಾರೆ, ಇನ್ನು ಹತ್ತು ವರ್ಷ ಇವರು ಅಲ್ಲಾಡಲ್ಲ' ಅಂದ."

ಬೆರಿಲ್ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ, ಅದು ಮಾರೋಕೆ ಹೊಡೆಸಿದ ಬಣ್ಣ ಕಣೋ! ತುಕ್ಕು ಹಿಡಿದ ಬಸ್ಸನ್ನ ಯಾರು ಕೊಳ್ತಾರೆ? ಶನಿವಾರ ಡೀಲರ್ ಮುಂಗಡ ಕೊಡೋಕೆ ಬರ್ತಿದಾನೆ. ಅದಿರಲಿ, ನೀವು ಬೇಸಿಗೇಲಿ ಹೊಚ್ಚ ಹೊಸ ಬಸ್ಸು ಇಳಿಸಿದ್ರಲ್ಲ ಬೆಟ್ಟಕ್ಕೆ? ಅದನ್ನ ನೋಡಿದ ದಿನಾನೇ ಕ್ಲಿಫ್ ಊಟ ಬಿಟ್ಟ. 'ಇವರ ಹಣಕ್ಕೆ ತಳಾನೇ ಇಲ್ಲ' ಅಂದ."

"ಅದಾ! ಅದು ಮಿಲ್ ಲೇನ್ ರೂಟಿಂದು. ಆ ರೂಟು ಮುಚ್ಚಿಹೋಯ್ತು, ಬಸ್ಸು ನಿಲ್ಲಿಸೋಕೆ ಡಿಪೋದಲ್ಲಿ ಜಾಗ ಇರ್ಲಿಲ್ಲ, ಇಲ್ಲಿಗೆ ತಂದು ಹಾಕಿದ್ರು ಅಷ್ಟೇ."

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಇಬ್ಬರೂ ಗಾಜಿಗೆ ಒರಗಿ ನಕ್ಕರು. ಟ್ರೆವರ್‌ನ ಮೀಸೆಯ ಟೇಪು ಅಲ್ಲಾಡುತ್ತಿತ್ತು. ಮಾರುವುದಕ್ಕೆ ಹೊಡೆದ ಬಣ್ಣಕ್ಕೆ ಅವರು ಹೆದರಿದ್ದರು, ಜಾಗವಿಲ್ಲದೆ ತಂದು ಹಾಕಿದ ಬಸ್ಸಿಗೆ ಇವರು ಹೆದರಿದ್ದರು. ಇಬ್ಬರಿಗೂ ಒಂದೇ ವಾರ ಧೈರ್ಯ ಕೈಕೊಟ್ಟಿತ್ತು.

ನಗದೇ ನಿಂತಿದ್ದವಳು ಮಿಸೆಸ್ ಕ್ರಾಬ್‌ಟ್ರೀ ಒಬ್ಬಳೇ. "ನಗ್ರಪ್ಪಾ ನಗ್ರಿ," ಅಂದಳು. "ಇವನೂ ಬರಲ್ಲ, ಇವಳೂ ಬರಲ್ಲ. ನನ್ನ ಗಾಲಿಚೀಲ ಬೆಟ್ಟ ಹತ್ತಿಸೋಕೆ ಲಂಡನ್ನಿಂದ ಮಂತ್ರಿ ಬರ್ತಾನಾ?"

ನಗು ಅಲ್ಲಿಗೇ ನಿಂತಿತು. ಕ್ಯೂನಲ್ಲಿದ್ದ ಮುಖಗಳನ್ನೆಲ್ಲ ಬೆರಿಲ್ ನೋಡಿದಳು. ಸೋತಿದ್ದರ ಸುಖದಲ್ಲಿ ಅವಳು ಒಂದನ್ನು ಧಾರಾಳವಾಗಿ ನಂಬಿಕೊಂಡಿದ್ದಳು: ತಾನು ಬಿಟ್ಟರೂ ನೀಲಿ ಬಸ್ಸು ಇದ್ದೇ ಇರುತ್ತದೆ. ಈಗ ಆ ಸಮಾಧಾನದ ಬುಡವೇ ಕಿತ್ತುಹೋಯಿತು.

"ನಿಮ್ಮವರು ನಿಜವಾಗ್ಲೂ ಬಿಡ್ತಾರಾ ಟ್ರೆವರ್?" ಅಂದಳು ತಗ್ಗಿದ ದನಿಯಲ್ಲಿ. "ಈಗ ನನ್ನ ಚೀಟಿ ನೋಡಿದ ಮೇಲೂ? ನಾನು ಹೋಗ್ತಿದೀನಿ ಅಂತ ಗೊತ್ತಾದ್ರೆ ಅವರದನ್ನ ವಾಪಸ್ ತಗೊಂಡು ಕೂತ್ಕೊಳ್ಳಲ್ವಾ?"

ಟ್ರೆವರ್ ಅತ್ತಿತ್ತ ನೋಡಿದ. "ನಾನು ಹೇಳೋ ಹಾಗಿಲ್ಲ ಬೆರಿಲ್. ಎರಡು ಕಂಪನಿಯೋರು 'ನೀನು ಈ ರೋಡು, ನಾನು ಆ ರೋಡು' ಅಂತ ಮಾತಾಡ್ಕೊಂಡ್ರೆ ಕಾನೂನಿನ ಪ್ರಕಾರ ಒಳಸಂಚಂತೆ. ಮ್ಯಾನೇಜರ್ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದಾನೆ. ನನಗೆ ಗೊತ್ತಿರೋದು ಇಷ್ಟೇ, ಕೈ ಎತ್ಬಾರ್ದು ಅನ್ನೋ ಆಜ್ಞೆ ಇನ್ನೂ ಗೋಡೆ ಮೇಲಿದೆ. ಬೆಟ್ಟ ಬಿಡೋದು ಗ್ಯಾರಂಟಿ ಆದ್ರೆ ಮೊದಲು ಅದನ್ನ ಕೀಳ್ತಾರೆ." ಕತ್ತರಿ ವಾಪಸ್ ಕೊಟ್ಟು, ತನ್ನ ಬಸ್ಸು ಹತ್ತಿ, ಎರಡು ನಿಮಿಷ ಮುಂಚೆ ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ಕ್ಲಿಫ್ ಮಾಂಸದ ಪೈ ಮುಟ್ಟದೆ ಲೆಕ್ಕಾಚಾರಕ್ಕಿಳಿದ. ಅವನು ಲೆಕ್ಕಾಚಾರಕ್ಕಿಳಿದರೆ ಪೈ ತಣ್ಣಗಾಗುವುದು ಖಂಡಿತ.

"ಅವರು ಹೋಗೋದಾದ್ರೆ ನಾವು ಉಳೀಬೋದು. ಒಂದೇ ಬಸ್ಸಿಗೆ ಆಗೋ ಅಷ್ಟು ಜನ ಬೆಟ್ಟದ ಮೇಲಿದಾರೆ, ಎರಡಕ್ಕಿಲ್ಲ. ಆದ್ರೆ ನಾವು ಉಳಿದ್ವಿ ಅಂತ ಗೊತ್ತಾಗಿ ಅವರೂ ಉಳಿದ್ರೆ? ಮತ್ತೆ ಅದೇ ಹಾಡು. ಈ ಸಲ ಮನೇನೂ ಹೋಗುತ್ತೆ ಬೆರಿಲ್."

"ನಾವೂ ಬಿಟ್ಟು ಅವರೂ ಬಿಟ್ರೆ?"

"ಬೆಟ್ಟದೋರು ನಡೀತಾರೆ."

"ಮಿಸೆಸ್ ಕ್ರಾಬ್‌ಟ್ರೀ ನಡೀತಾಳಾ?"

ಕ್ಲಿಫ್ ಮಾತು ತಿರುಗಿಸಿ, ಪ್ರೆಸ್ಟನ್ ಊರಿನಲ್ಲಿ ತನ್ನ ಸೋದರ ಸಂಬಂಧಿಯೊಬ್ಬ ಶಾಲಾ ಬಸ್ಸಿನ ಡ್ರೈವರ್ ಕೆಲಸ ಕೊಡುವುದಾಗಿ ಹೇಳಿದ್ದನ್ನು ಮತ್ತೆ ಎತ್ತಿದ. ಹೇಳುತ್ತ ಹೇಳುತ್ತ ಅವನ ದನಿಯೇ ಇಳಿಯಿತು. ಮುನಿಸಿಪಾಲಿಟಿ ಬಿಟ್ಟ ದಿನ ಈ ಗಂಡಸು ಅಂಗಳದಲ್ಲಿ ಬಸ್ಸಿನ ಸುತ್ತ ಹೇಗೆ ಓಡಾಡಿದ್ದನೆಂಬುದು ಬೆರಿಲ್‌ಗೆ ನೆನಪಾಯಿತು. ಅವಳಿಗೂ ಬಿಡುವ ಮನಸ್ಸಿರಲಿಲ್ಲ. ಅದು ಅವಳಿಗೆ ಗೊತ್ತಾದದ್ದು ಆಗಲೇ.

"ಟ್ರೆವರ್‌ಗೆ ಫೋನ್ ಮಾಡಿ ಕೇಳ್ಲಾ?" ಅಂದ ಕ್ಲಿಫ್.

"ಬೇಡ. ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ. ಶುಕ್ರವಾರದವರೆಗೆ ನೋಡೋಣ. ಶುಕ್ರವಾರ ಏನೂ ತಿಳೀಲಿಲ್ಲ ಅಂದ್ರೆ ಶನಿವಾರ ಡೀಲರ್ ಹತ್ರ ಮುಂಗಡ ತಗೊಂಡುಬಿಡೋಣ."

ಮಂಗಳವಾರ ಚಾಪೆಲ್ ತಿರುವಿನಲ್ಲಿ ಟ್ರೆವರ್ ಕುರಿ ನೋಡಿದ. ಬುಧವಾರವೂ ಕುರಿಯೇ. ಸೋಮವಾರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಮನುಷ್ಯ ಇವನೇನಾ ಎಂದು ಬೆರಿಲ್‌ಗೆ ಸಿಟ್ಟು ಬಂತು. ಗೋಡೆಯ ಮೇಲಿನ ಆಜ್ಞೆ ಅವನ ತಪ್ಪಲ್ಲವೆಂದು ಗೊತ್ತಿದ್ದೂ ಗೇರನ್ನು ಕಿರ್ ಅನ್ನಿಸಿ ಅವನ ಪಕ್ಕದಲ್ಲಿ ಸಾಗಿದಳು.

ಗುರುವಾರ ಶೆಲ್ಟರಿಗೆ ಬಂದು ನೋಡಿದರೆ ಗಾಜಿನ ಮೇಲೆ ಅವಳ ರಟ್ಟು ಒಂದೇ ಇತ್ತು. ನೀಲಿ ಕಂಪನಿಯ ಕಾಗದ ಇರಲಿಲ್ಲ. ಟೇಪಿನ ನಾಲ್ಕು ತುಂಡು ಉಳಿದಿದ್ದವು, ಅಷ್ಟೇ. ಬೆರಿಲ್ ಅಂದುಕೊಂಡಳು, ನೀಲಿಯವರೇ ಕಿತ್ತುಬಿಟ್ಟಿದ್ದಾರೆ. ಇವಳು ಹೋಗುವುದು ಖಚಿತವಾಯಿತು, ಇನ್ನು ಬೆಟ್ಟವೆಲ್ಲ ತಮ್ಮದೇ ಎಂದು ಉಳಿದುಕೊಂಡಿದ್ದಾರೆ. ಅವತ್ತು ಅವಳು ಎರಡು ಗೇಟುಗಳ ಎದುರು ನಿಲ್ಲಿಸುವುದನ್ನೇ ಮರೆತಳು. ಹೆಂಗಸರು ಕಿರುಚಿ ನಿಲ್ಲಿಸಬೇಕಾಯಿತು. ಮನೆಗೆ ಬಂದು ಕ್ಲಿಫ್‌ಗೆ ಹೇಳಿದಳು. ಅವನು "ಹಾಗಾದ್ರೆ ಮುಗೀತು ಬಿಡು" ಅಂದು, ಬಸ್ಸಿನೊಳಗೆ ಹೋಗಿ ಸೀಟುಗಳನ್ನು ಒಂದೊಂದಾಗಿ ಒರೆಸತೊಡಗಿದ. ಡೀಲರ್ ಬರುವುದಕ್ಕೆ ಇನ್ನೂ ಒಂದು ದಿನವಿತ್ತು.

ಶುಕ್ರವಾರ ಬೆಳಿಗ್ಗೆ ಮಿಸೆಸ್ ಕ್ರಾಬ್‌ಟ್ರೀ ಆಲೂಗಡ್ಡೆ ಮೂಟೆಯ ಜೊತೆ ಹಸಿರು ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತಳು. ಬಸ್ಸು ಮಾರ್ಕೆಟ್ ದಾಟುತ್ತಿದ್ದಂತೆ ಗಾಲಿಚೀಲದ ಬಾಯಿ ಬಿಚ್ಚಿ, ಮಡಿಸಿದ ಕಾಗದವೊಂದನ್ನು ಹೊರಗೆಳೆದಳು.

"ಇದನ್ನ ವಾಪಸ್ ಅಂಟಿಸ್ಬೇಕು, ನಿನ್ನ ಹತ್ರ ಟೇಪಿದೆಯಾ ಕಂದಾ?"

ಕನ್ನಡಿಯಲ್ಲಿ ನೋಡಿದ ಬೆರಿಲ್ ಬ್ರೇಕ್ ತುಳಿದೇಬಿಟ್ಟಳು. ಆಲೂಗಡ್ಡೆಗಳು ಬಸ್ಸಿನ ತುಂಬ ಉರುಳಿದವು. "ಅದು ನೀಲಿಯೋರ ನೋಟೀಸಲ್ವಾ? ನಿಮ್ಮ ಹತ್ರ ಹೇಗ್ಬಂತು?"

"ಕಿತ್ಕೊಂಡೋಗಿದ್ದೆ. ಮನೇಲಿ ಕನ್ನಡಕ ಬಿಟ್ಟು ಬಂದಿದ್ದೆ. ಓದ್ಬೇಡ್ವಾ? ಆಮೇಲೆ ಪಕ್ಕದ ಮನೆಯೋಳು ನಂಬ್ಲಿಲ್ಲ, ಅವಳಿಗೆ ತೋರಿಸ್ದೆ. ಅವಳ ತಂಗಿಗೆ ತೋರಿಸ್ದೆ."

"ಮಿಸೆಸ್ ಕ್ರಾಬ್‌ಟ್ರೀ, ನಿಮ್ಮಿಂದ ನಿನ್ನೆ ರಾತ್ರಿ ನನ್ನ ಗಂಡ ಕಣ್ಣು ಮುಚ್ಚಿಲ್ಲ!"

"ಈ ವಯಸ್ಸಲ್ಲಿ ಅವನಿಗೆ ಅಂಥಾ ಭಾಗ್ಯ ನಾನೇ ಕೊಡ್ಬೇಕಾಯ್ತಾ?" ಅಂದಳು ಮುದುಕಿ, ಆಲೂಗಡ್ಡೆ ಹೆಕ್ಕಲು ಪಕ್ಕದವಳಿಗೆ ಸನ್ನೆ ಮಾಡುತ್ತ. ಬಸ್ಸೆಲ್ಲ ನಕ್ಕಿತು.

ಬೆರಿಲ್ ಗೇರು ಹಾಕಿದಳು. ಎದೆ ಹಗುರಾಗಿತ್ತು, ಪೂರ್ತಿ ಅಲ್ಲ. ಕಾಗದ ಕಿತ್ತವರು ನೀಲಿಯವರಲ್ಲ, ಸರಿ. ಅವರು ನಿಜಕ್ಕೂ ಹೋಗುತ್ತಾರೆಂಬುದಕ್ಕೆ ಮಾತ್ರ ಇನ್ನೂ ಯಾವ ಸುಳಿವೂ ಇರಲಿಲ್ಲ. ಬಸ್ಸು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಚಾಪೆಲ್ ತಿರುವಿಗೆ ಬಂತು. ಆಚೆಯಿಂದ ನೀಲಿ ಬಸ್ಸು ಬಂದು, ಇವಳಿಗೆ ದಾರಿ ಬಿಟ್ಟು, ಗೋಡೆಯ ಬದಿಗೆ ನಿಂತಿತು. ಟ್ರೆವರ್ ಕುರಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಸ್ಟೀರಿಂಗಿನಿಂದ ಬಲಗೈ ಬಿಡಿಸಿ, ಅಂಗೈ ಪೂರ್ತಿ ಕಾಣುವಂತೆ, ಭುಜದ ಮೇಲಕ್ಕೆ ಎತ್ತಿದ.

ಬೆರಿಲ್ ದಾಟಿ ಹೋದಳು. ತಿರುವು ಮುಗಿದ ಮೇಲೆ ಅವಳಿಗೆ ಅರಿವಾಯಿತು, ತಾನು ಕೈ ಎತ್ತಲೇ ಇಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. ಎರಡು ವರ್ಷ ಎತ್ತದ ಕೈಗೆ ಎತ್ತುವುದೇ ಮರೆತುಹೋಗಿತ್ತು.

"ಎತ್ತಿದ," ಅಂದಳು ಗಟ್ಟಿಯಾಗಿ. "ಕೈ ಎತ್ತಿದ. ಗೋಡೆಯಿಂದ ಆಜ್ಞೆ ಕಿತ್ತಿದಾರೆ!" ಕಣ್ಣು ಮಂಜಾಗಿ ರಸ್ತೆ ಕಾಣಿಸಲಿಲ್ಲ, ಗಾಜು ಒರೆಸಿದಳು, ಗಾಜು ಒಣಗಿಯೇ ಇತ್ತು. ಎದೆಯ ಮೇಲೆ ಎರಡು ವರ್ಷ ಕೂತಿದ್ದ ಕಲ್ಲು ಆ ತಿರುವಿನಲ್ಲೇ ಬಿದ್ದುಹೋಗಿತ್ತು.

ಬೆಟ್ಟದ ತುದಿಯ ನಿಲ್ದಾಣದಲ್ಲಿ ಜನ ಇಳಿಯುತ್ತಿದ್ದಂತೆ ಅವಳು ಟೆಲಿಫೋನ್ ಬೂತಿಗೆ ಓಡಿದಳು. ಡೀಲರ್‌ಗೆಂದು ಬಸ್ಸು ತೊಳೆಯಲು ಕ್ಲಿಫ್ ಅವತ್ತು ಮನೆಯಲ್ಲೇ ಉಳಿದಿದ್ದ. "ಕ್ಲಿಫ್, ಡೀಲರ್‌ಗೆ ಬರ್ಬೇಡ ಅನ್ನು. ಮ್ಯಾಂಚೆಸ್ಟರಿಗೆ ಕಾಗದ ಬರಿ, ನಾವು ನಿಲ್ಲಿಸಲ್ಲ ಅಂತ. ಹೇಗೆ ಗೊತ್ತು ಅಂತೀಯಾ? ಟ್ರೆವರ್ ಕೈ ಎತ್ತಿದ ಕಣೋ!" ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಕ್ಲಿಫ್ ಫೋನಿನಲ್ಲಿ ಅಳುವ ಗಂಡಸಲ್ಲ, ಹಾಗಾಗಿ ಬೆರಿಲ್ ಅದನ್ನು ನೆಗಡಿಯೆಂದೇ ಇಟ್ಟುಕೊಂಡಳು.

ಬೂತಿನ ಹೊರಗೆ ಮಿಸೆಸ್ ಕ್ರಾಬ್‌ಟ್ರೀ ಕಾದು ನಿಂತಿದ್ದಳು. ಅವಳ ಗೇಟು ಹಿಂದೆಯೇ ದಾಟಿತ್ತು, ಬೇಕೆಂದೇ ಅಲ್ಲಿ ಇಳಿದಿರಲಿಲ್ಲ. "ಅಂತೂ ಇನ್ಮೇಲೆ ನೀನೊಬ್ಬಳೇ. ಎಷ್ಟು ಕೇಳಿದ್ರೂ ಕೊಡ್ಬೇಕು ನಾವು. ಕತ್ತು ಹಿಸುಕ್ತೀಯಾ?"

ಬೆರಿಲ್‌ಗೆ ಆ ಮಾತು ನಾಟಿತು. ಪುಕ್ಕಟೆ ಬಸ್ಸಿನ ಕಾಲ ಮುಗಿದಿತ್ತು, ಇನ್ನು ಬೆಟ್ಟದವರಿಗೆ ಆಯ್ಕೆ ಇರಲಿಲ್ಲ. ಬಾಯಿಗೆ ಬಂದಷ್ಟು ಚಾರ್ಜು ಕೇಳುವ ಆಸೆ ತನಗೂ ಬರಬಹುದು ಎಂಬುದು ಅವಳಿಗೆ ಗೊತ್ತಿತ್ತು.

"ಪೈಪೋಟಿಗೆ ಮುಂಚಿನ ಹಳೇ ಚಾರ್ಜು," ಅಂದಳು. "ಅರ್ಧ ಮಾಡಿ ಓಡಿಸಿದ್ರೆ ನಾವು ಉಳಿಯಲ್ಲ. ಹೆಚ್ಚು ಕೇಳಿದ್ರೆ ಕ್ಲಿಫ್ ತರಹದ ಇನ್ನೊಬ್ಬ ಹುಚ್ಚ ಎರಡು ಹಳೇ ಬಸ್ಸು ತಂದು ನನ್ನ ಮುಂದೆ ಓಡಿಸ್ತಾನೆ. ಈ ಊರಲ್ಲಿ ಅಂಥೋರಿಗೇನು ಬರವಾ?"

"ಹಾಗಾದ್ರೆ ಸರಿ," ಅಂದಳು ಮುದುಕಿ. "ಅವನಿಗೆ ವಾಪಸ್ ಕೈ ಎತ್ತಿದ್ಯಾ?"

"ಇಲ್ಲ. ಮರೆತೆ."

"ಮರೆತ್ಯಾ! ಪಾಪ, ಇವಳಿಗಿನ್ನೂ ಕೋಪ ಅಂದ್ಕೊಂಡು ಒದ್ದಾಡ್ತಿರ್ತಾನೆ."

ಅದೇ ಚಿಂತೆಯಲ್ಲಿ ಬೆರಿಲ್ ಬೆಟ್ಟ ಇಳಿದಳು. ಮುಂದೆ ಓಡುತ್ತಿದ್ದ ನೀಲಿ ಬಸ್ಸಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಹಿಂಭಾಗಕ್ಕೆ ಕೈ ಎತ್ತಿ ಪ್ರಯೋಜನವಿಲ್ಲ. ಮಾರ್ಕೆಟ್ಟಿನಲ್ಲಿ ಮತ್ತೆ ಜನ ತುಂಬಿಕೊಂಡರು. ಮಿಸೆಸ್ ಕ್ರಾಬ್‌ಟ್ರೀ ಮನೆಗೆ ಹೋಗದೆ, ತುದಿಯಲ್ಲಿ ಮತ್ತೆ ಹತ್ತಿ, ಅದೇ ಸೀಟಿನಲ್ಲಿ ಕೂತಿದ್ದವಳು, ಹತ್ತಿದವರಿಗೆಲ್ಲ ಸುದ್ದಿ ಮುಟ್ಟಿಸಿದಳು. ಈ ಸಲ ಚಾರ್ಜು ಕೊಡುವ ಮಾತನ್ನು ಅವಳು ಎತ್ತಲಿಲ್ಲ, ಬೆರಿಲ್ ಕೇಳಲೂ ಇಲ್ಲ.

ಚಾಪೆಲ್ ತಿರುವಿನಲ್ಲಿ ನೀಲಿ ಬಸ್ಸು ಗೋಡೆಯ ಬದಿಗೆ ನಿಂತಿತ್ತು. ಟ್ರೆವರ್‌ನ ಕೈ ಸ್ಟೀರಿಂಗ್ ಮೇಲಿತ್ತು, ಮುಖ ಕುರಿಗಳ ಕಡೆಗೆ ಅರ್ಧ ತಿರುಗಿತ್ತು. ಬೆರಿಲ್ ಬಸ್ಸನ್ನು ಅವನ ಕಿಟಕಿಯ ಸರಿಸಮಕ್ಕೆ ತಂದು ನಿಲ್ಲಿಸಿ, ಗಾಜು ಸರಿಸಿ, ಕೈಯನ್ನು ಮೊಣಕೈವರೆಗೆ ಹೊರಹಾಕಿ ಎತ್ತಿದಳು. ಹಿಂದೆ ಸರಬರ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಇಡೀ ಬಸ್ಸು ಕೈ ಎತ್ತಿತ್ತು: ಕೈಚೀಲದ ಕೈ, ಕೋಲಿನ ಕೈ, ಮೀನಿನ ಪೊಟ್ಟಣದ ಕೈ. ಎಲ್ಲಕ್ಕಿಂತ ಮೇಲೆ ಮಿಸೆಸ್ ಕ್ರಾಬ್‌ಟ್ರೀಯ ವ್ಯಾನಿಟಿ ಬ್ಯಾಗು. ಎರಡು ವರ್ಷ ಮುಖ ಮುಚ್ಚಿಕೊಂಡ ಬ್ಯಾಗನ್ನು ಅವಳು ಬಾವುಟದಂತೆ ಬೀಸುತ್ತಿದ್ದಳು.

ಟ್ರೆವರ್ ಎರಡೂ ಕೈ ಎತ್ತಿದ.

"ಭಾನುವಾರ ಊಟಕ್ಕೆ ಬಾರೋ," ಅಂತ ಕೂಗಿದಳು ಬೆರಿಲ್. "ಬಸ್ಸಿನ ಮಾತು ಆಡೋದಿಲ್ಲ. ಒಳಸಂಚಾಗುತ್ತೆ."

"ಸೋಫಾ ಇದೆಯಾ ಇನ್ನೂ?" ಅಂದ ಅವನು.

"ಇದೆ."

ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಬೆರಿಲ್ ಗಾಜು ಮುಚ್ಚಿ, ಗೇರು ಹಾಕಿ, ಬೆಟ್ಟ ಹತ್ತಿಸಿದಳು.